ಅಮೂರ್ ದಂಡೆಯ ತುಂಗುಸಿಕ್ ಜನ: ಯಾವ ವರ್ಷ ಯಾರ ಆಳ್ವಿಕೆ ಎಂದು ಬರೆಯುವುದು ಹೇಗೆ?

ನಕಾಶೆಪಟ್ಟಿ ಕೇಳಿದ್ದು:

ರಷ್ಯ–ಚೀನಾ ಗಡಿಯ ಅಮೂರ್ ನದಿಯ ಇಕ್ಕೆಲಗಳ ತುಂಗುಸಿಕ್ ಭಾಷಿಕರ (ಮಂಚು, ನಾನಾಯ್, ಎವೆಂಕಿ ಮುಂತಾದ ಒಂದೇ ಕುಟುಂಬದ ಭಾಷೆ ಆಡುವವರ) ಬಗ್ಗೆ ಕನ್ನಡದಲ್ಲಿ ಒಂದು ಕಾಲಪಟ್ಟಿ, ಜೊತೆಗೆ ನಾಲ್ಕು ನಕ್ಷೆ ಸಿದ್ಧಪಡಿಸುತ್ತಿದ್ದೇನೆ. 1115ರಿಂದ 1945ರವರೆಗಿನ ಅವಧಿ. ಕೆಲಸ ಎರಡು ಕಡೆ ಸಿಕ್ಕಿಹಾಕಿಕೊಂಡಿದೆ.

ಮೊದಲನೆಯದು ಹೆಸರು. ಜುರ್ಚೆನ್, ಮಂಚು, ಗೋಲ್ಡಿ, ನಾನಾಯ್, ಹೆಜೆ, ಸೋಲೋನ್, ಓರೊಚೆನ್ ಹೀಗೆ ಹೆಸರುಗಳ ರಾಶಿಯೇ ಇದೆ. ಯಾವುದು ಯಾವುದಕ್ಕೆ ಸಮ, ಯಾವುದು ಬೇರೆ? ಎರಡನೆಯದು ಬಣ್ಣ. 1689ರಲ್ಲಿ ರಷ್ಯ ಮತ್ತು ಚೀನಾದ ಚಿಂಗ್ ಸಾಮ್ರಾಜ್ಯ ಮಾಡಿಕೊಂಡ ನೆರ್ಚಿನ್ಸ್ಕ್ ಗಡಿ ಒಪ್ಪಂದದ ನಂತರ ಇಡೀ ಅಮೂರ್ ಕಣಿವೆಗೆ ಚಿಂಗ್ ಬಣ್ಣ ತುಂಬಬಹುದೇ? 1411ರ ಸುಮಾರಿಗೆ ಚೀನಾವನ್ನು ಆಳುತ್ತಿದ್ದ ಮಿಂಗ್ ವಂಶದ ಬಣ್ಣ ನದಿಯ ಬಾಯಿಯವರೆಗೆ ಹೋಗಬೇಕೇ? ಒಂದೊಂದು ನಕ್ಷೆ ಒಂದೊಂದು ಥರ ತೋರಿಸುತ್ತದೆ. ಪಟ್ಟಿಯಲ್ಲಿ ಸದ್ಯ ಇರುವುದು ಮೂರೇ ಕಂಬಸಾಲು: ವರ್ಷ, ಜನ, ಆಳಿದವರು.

ಹಳೆಗಡತ ಉತ್ತರ:

ಮೂರು ಕಂಬಸಾಲು ಸಾಲದು, ಐದು ಬೇಕು: ವರ್ಷ, ಆಡುತ್ತಿದ್ದ ಭಾಷೆ, ಕಡತದಲ್ಲಿರುವ ಹೆಸರು, ಆ ಹೆಸರು ಬರೆದವರು ಯಾರು, ಅವರು ಏನು ವಸೂಲಿ ಮಾಡುತ್ತಿದ್ದರು. ನಾಲ್ಕನೆಯದನ್ನು ಬಿಟ್ಟರೆ ಪಟ್ಟಿ ಕೆಡುತ್ತದೆ. ಈ ಪ್ರದೇಶದ ಹಳೆಯ ಹೆಸರುಗಳಲ್ಲಿ ಹೆಚ್ಚಿನವು ಆ ಜನ ತಮಗೆ ತಾವು ಇಟ್ಟುಕೊಂಡವಲ್ಲ, ಕಪ್ಪ ಎಣಿಸಿದ ಗುಮಾಸ್ತರು ಇಟ್ಟವು.

ಮುಂದೆ ಮಂಚು ಎನಿಸಿಕೊಂಡ ಜುರ್ಚೆನ್‌ರಿಂದ ಶುರುಮಾಡಿ. ವಾನ್ಯಾನ್ ಕುಲದ ಅಗುದಾ 1115ರಲ್ಲಿ ಜಿನ್ ರಾಜ್ಯ ಕಟ್ಟಿದ. 1125ಕ್ಕೆ ಖಿತಾನರ ಲಿಯಾವೊ ರಾಜ್ಯ ಮುಗಿಯಿತು, 1127ರಲ್ಲಿ ಚೀನಾದ ಸೊಂಗ್ ವಂಶದ ರಾಜಧಾನಿ ಕೈಫೆಂಗ್ ಬಿತ್ತು. 1153ರಲ್ಲಿ ರಾಜಧಾನಿ ಈಗಿನ ಹಾರ್ಬಿನ್ ಹತ್ತಿರದಿಂದ ಈಗಿನ ಬೀಜಿಂಗ್‌ಗೆ ಬಂತು. 1234ರಲ್ಲಿ ಮಂಗೋಲರ ಕೈಯಲ್ಲಿ ಜಿನ್ ಕೊನೆಯಾಯಿತು. ಉತ್ತರದಲ್ಲಿ ಉಳಿದವರನ್ನು ಮಿಂಗ್ ಅಧಿಕಾರಿಗಳು ಜಿಯಾನ್‌ಜೋ, ಹಾಯ್‌ಶಿ, 'ಕಾಡು' ಜುರ್ಚೆನ್ ಎಂದು ಮೂರು ಪಾಲು ಮಾಡಿದರು. 'ಕಾಡು' ಎನ್ನುವುದು ದೂರವನ್ನು ಹೇಳುವ ಕಚೇರಿ ಪದ. ಅದರೊಳಗೆ ಯಾವ ಯಾವ ಭಾಷೆ ಆಡುವವರಿದ್ದರು ಎಂಬುದು ಆ ಪದದಿಂದ ತಿಳಿಯುವುದಿಲ್ಲ. ಆದ್ದರಿಂದ ಈ ಸಾಲಿನಿಂದ ಇಂದಿನ ನಾನಾಯ್‌ಗೆ ನೇರ ಗೆರೆ ಎಳೆಯಬೇಡಿ.

'ಮಂಚು' ಹೆಸರಿಗೆ ಖಚಿತ ಹುಟ್ಟಿದ ವರ್ಷವಿದೆ. ನುರ್ಹಾಚಿ 1616ರಲ್ಲಿ ಸ್ಥಾಪಿಸಿದ್ದು ಮತ್ತೊಂದು ಜಿನ್, ಇತಿಹಾಸಕಾರರು 'ನಂತರದ ಜಿನ್' ಎನ್ನುವುದು ಇದನ್ನೇ. 1635ರಲ್ಲಿ ಅವನ ಮಗ ಹೊಂಗ್ ತೈಜಿ ಜುರ್ಚೆನ್ ಎಂಬ ಹೆಸರನ್ನು ನಿಷೇಧಿಸಿ ಮಂಚು ಎಂದೇ ಕರೆಯಬೇಕೆಂದು ಅಪ್ಪಣೆ ಮಾಡಿದ. ಮರುವರ್ಷ ರಾಜ್ಯದ ಹೆಸರು ಚಿಂಗ್ ಆಯಿತು. ಹಾಗಾಗಿ ನುರ್ಹಾಚಿ ಮಿಂಗ್ ಸೇನೆಯನ್ನು ಸೋಲಿಸಿದ 1619ರ ಸಾರ್ಹು ಯುದ್ಧವನ್ನು 'ಮಂಚುಗಳು ಗೆದ್ದರು' ಎಂದು ಬರೆದರೆ ತಪ್ಪು. 1635ಕ್ಕಿಂತ ಹಿಂದೆ ಎಲ್ಲೆಲ್ಲೂ ಜುರ್ಚೆನ್ ಎಂದೇ ಇರಲಿ.

ಇನ್ನೊಂದು ಜರಡಿ ಹಿಡಿಯಿರಿ. ದೌರ್ ಜನರದು ಮಂಗೋಲಿಕ್ ಭಾಷೆ. ನಿವ್‌ಖ್ ಭಾಷೆ ಯಾವ ಕುಟುಂಬಕ್ಕೂ ಸೇರದ ಒಂಟಿ ಭಾಷೆ. ಅವರು ನೆರೆಹೊರೆಯವರು, ತುಂಗುಸಿಕ್ ಅಲ್ಲ. ಚಿಂಗ್ ಕಡತದ 'ಫಿಯಾಕಾ' ಎಂಬ ಹೆಸರಿನಡಿ ಬಹುಪಾಲು ನಿವ್‌ಖ್‌ರೇ ಇದ್ದಾರೆ. ಅದನ್ನು ಕಣ್ಣುಮುಚ್ಚಿ ತುಂಗುಸಿಕ್ ಸಾಲಿಗೆ ಸೇರಿಸಿದರೆ ಅಮೂರ್ ಬಾಯಿಯ ಅರ್ಧ ನಕ್ಷೆ ಸುಳ್ಳಾಗುತ್ತದೆ.

ಗಡಿಕಲ್ಲು ಉತ್ತರ:

ಮಿಂಗ್ ಬಣ್ಣದ ಪ್ರಶ್ನೆಗೆ ಉತ್ತರ ತೀರ್ ಎಂಬ ಊರಿನ ಎರಡು ಕಲ್ಲುಗಳಲ್ಲಿದೆ. ಊರು ಇರುವುದು ಅಮೂರ್ ಕೆಳಪಾತ್ರದಲ್ಲಿ, ಅಮ್ಗುನ್ ನದಿ ಬಂದು ಸೇರುವ ಜಾಗದ ಎದುರಿನ ಬಂಡೆಯ ಮೇಲೆ. 1411ರಲ್ಲಿ ಯಿಶಿಹಾ ಎಂಬ ಆಸ್ಥಾನದ ಅಧಿಕಾರಿ, ಅವನೂ ಹುಟ್ಟಿನಿಂದ ಹಾಯ್‌ಶಿ ಜುರ್ಚೆನ್, 25 ಹಡಗು ಮತ್ತು ಸಾವಿರಕ್ಕೂ ಮಿಕ್ಕ ಜನರೊಂದಿಗೆ ಅಲ್ಲಿಗೆ ಹೋಗಿ ನೂರ್ಗಾನ್ ಠಾಣೆ ಸ್ಥಾಪಿಸಿದ. 1413ರಲ್ಲಿ ಯೊಂಗ್‌ನಿಂಗ್ ದೇವಾಲಯ ಕಟ್ಟಿಸಿ ಶಾಸನ ನಿಲ್ಲಿಸಿದ. ಒಂದು ಮುಖದಲ್ಲಿ ಚೀನೀ ಬರಹ, ಇನ್ನೊಂದರಲ್ಲಿ ಮಂಗೋಲ್ ಮತ್ತು ಜುರ್ಚೆನ್.

ಎರಡನೆಯ ಕಲ್ಲು 1433ರದ್ದು. ಅದರಲ್ಲಿ ಚೀನೀ ಮಾತ್ರ. ಯಿಶಿಹಾ ಮರಳಿ ಬಂದಾಗ ದೇವಾಲಯವನ್ನು ಸ್ಥಳೀಯರು ಕೆಡವಿದ್ದರು, ಅವನು ಅವರನ್ನು ದಂಡಿಸದೆ ಮತ್ತೆ ಕಟ್ಟಿಸಿದ ಎಂದು ಆ ಕಲ್ಲೇ ಹೇಳುತ್ತದೆ. ಇಪ್ಪತ್ತು ವರ್ಷದಲ್ಲಿ ತನ್ನ ಗುಡಿಯನ್ನೇ ಉಳಿಸಿಕೊಳ್ಳಲಾಗದ ಠಾಣೆಗೆ ತುಂಬು ಬಣ್ಣ ಕೊಡುವುದು ಸರಿಯಲ್ಲ. ಅಲ್ಲಿಗೊಂದು ಚುಕ್ಕೆ, ನದಿಯುದ್ದಕ್ಕೂ ತುಂಡುಗೆರೆ, ಪಕ್ಕದಲ್ಲಿ 'ದಂಡಯಾತ್ರೆ, 1411–1433' ಎಂಬ ಬರಹ. ಇಷ್ಟು ಸಾಕು.

ತುಪ್ಪಳಲೆಕ್ಕ ಉತ್ತರ:

17ನೇ ಶತಮಾನದಿಂದ 19ರವರೆಗೆ 'ಆಳಿದವರು' ಎಂಬ ಮಾತನ್ನು ಬದಿಗಿಟ್ಟು 'ಸೇಬಲ್ (ಬೆಲೆಬಾಳುವ ತುಪ್ಪಳದ ಚಿಕ್ಕ ಕಾಡುಪ್ರಾಣಿ) ತುಪ್ಪಳ ಯಾರಿಗೆ ಹೋಯಿತು' ಎಂದು ಕೇಳಿ. ಇಲ್ಲಿ ಅದೇ ಸರಿಯಾದ ಅಳತೆ.

ರಷ್ಯದ ಕೊಸಾಕ್ ಯೋಧರು ಪಡೆಯುತ್ತಿದ್ದುದು ಯಸಾಕ್, ಅಂದರೆ ತುಪ್ಪಳದ ಕಪ್ಪ. ಅಮೂರ್ ಕಡೆಗೆ ದಂಡು ಕಟ್ಟಿಕೊಂಡು 1643ರಲ್ಲಿ ಹೊರಟ ಪೊಯಾರ್ಕೊವ್, 1649ರಲ್ಲಿ ಹೊರಟ ಖಬಾರೊವ್ ಇಬ್ಬರದೂ ಒಂದೇ ಪದ್ಧತಿ: ಕುಲದ ಮುಖ್ಯಸ್ಥನ ಮಗನನ್ನೋ ತಮ್ಮನನ್ನೋ ಕೋಟೆಯಲ್ಲಿ ಕೂಡಿಹಾಕುವುದು, ತುಪ್ಪಳ ತಂದವರಿಗೆ ಅವನ ಮುಖ ತೋರಿಸುವುದು. ಆ ಒತ್ತೆಯಾಳಿಗೆ ಅವರು ಹೇಳುತ್ತಿದ್ದ ಪದ 'ಅಮಾನತ್'. ಕನ್ನಡದ ಅಮಾನತು ಕೂಡ ಅದೇ ಅರಬ್ಬಿ ಮೂಲದ್ದು. ಒತ್ತೆಯಾಳು ಸತ್ತರೆ ಅಥವಾ ಓಡಿಹೋದರೆ ಆ ಕುಲದ ಯಸಾಕ್ ಅಲ್ಲಿಗೇ ನಿಲ್ಲುತ್ತಿತ್ತು. ಆದ್ದರಿಂದ ಯಸಾಕ್ ಪುಸ್ತಕದಲ್ಲಿ ಒಂದು ವರ್ಷ ಹೆಸರಿದ್ದ ಮಾತ್ರಕ್ಕೆ ಮುಂದಿನ ಹತ್ತು ವರ್ಷವೂ ರಷ್ಯದ ಬಣ್ಣ ಬಳಿಯಬೇಡಿ.

ಇದಕ್ಕೆ ಚಿಂಗ್ ಕೊಟ್ಟ ಉತ್ತರ ಜನರನ್ನೇ ಎತ್ತಿ ಬೇರೆಡೆ ಇಡುವುದು. 1650ರ ದಶಕದಲ್ಲಿ ದೌರ್ ಮತ್ತು ದುಚೆರ್ ಎಂಬ ಬೇಸಾಯಗಾರ ಜನರನ್ನು ಅಮೂರ್ ದಂಡೆಯಿಂದ ದಕ್ಷಿಣದ ನೆನ್, ಸುಂಗಾರಿ ನದಿಗಳ ಕಡೆಗೆ ಸಾಗಿಸಿದರು. ಹೊಲ ಪಾಳುಬಿದ್ದವು, ಖಬಾರೊವ್ ನಂತರದ ಕೊಸಾಕ್ ನಾಯಕ ಸ್ತೆಪಾನೊವ್‌ನ ತುಕಡಿಗೆ ಕಾಳು ಸಿಗಲಿಲ್ಲ. ಅವನು 1658ರಲ್ಲಿ ಸತ್ತ. ಆಮೇಲಿನ ಹಲವು ನಕ್ಷೆಗಳು ಈ ಭಾಗವನ್ನು 'ನಿರ್ಜನ' ಎಂದು ತೋರಿಸುತ್ತವೆ. ಅಲ್ಲಿ ಜನ ಇರಲಿಲ್ಲವೆಂದಲ್ಲ, ಇದ್ದವರನ್ನು ಎಬ್ಬಿಸಿ ಕಳಿಸಲಾಗಿತ್ತು. ಇದನ್ನು ದಯವಿಟ್ಟು ನಕ್ಷೆಯ ಮೇಲೆಯೇ ಬಾಣದ ಗುರುತಿನಿಂದ ತೋರಿಸಿ, ಅಡಿಟಿಪ್ಪಣಿಗೆ ತಳ್ಳಬೇಡಿ.

ಚಿಂಗ್ ಪದ್ಧತಿ ಬೇರೆ. ಮನೆಗೊಂದು ಸೇಬಲ್ ಚರ್ಮ ವರ್ಷಕ್ಕೊಮ್ಮೆ, ಬದಲಿಗೆ ರೇಷ್ಮೆ ಅಥವಾ ಹತ್ತಿಯ ಉಡುಪು. ಕುಲಕ್ಕೆ 'ಹಲಾ ಇ ದಾ', ಹಳ್ಳಿಗೆ 'ಗಶಾನ್ ದಾ' ಎಂಬ ಮುಖ್ಯಸ್ಥರು. ಸ್ಥಾನಕ್ಕೆ ತಕ್ಕಂತೆ ಉಡುಪಿನ ದರ್ಜೆಯೂ ಬೇರೆ. ವಸೂಲಿ ನಿಂಗುತಾದಲ್ಲಿ, ಆಮೇಲೆ ಸಾನ್‌ಸಿಂಗ್‌ನಲ್ಲಿ, ಅಂದರೆ ಇಂದಿನ ಯಿಲಾನ್‌ನಲ್ಲಿ. ಕೆಳ ಅಮೂರ್‌ನವರಿಗಾಗಿ ಬೇಸಿಗೆಯಲ್ಲಿ ತಾತ್ಕಾಲಿಕ ವಸೂಲಿ ಕಟ್ಟೆಯೂ ಏಳುತ್ತಿತ್ತು. ದೆರೆನ್‌ನಲ್ಲಿದ್ದ ಅಂಥದೊಂದನ್ನು ಜಪಾನಿನ ಅನ್ವೇಷಕ ಮಾಮಿಯಾ ರಿಂಜೊ 1809ರಲ್ಲಿ ಕಂಡು ದಾಖಲಿಸಿದ: ಮರದ ಕಂಬಗಳ ಬೇಲಿ, ಒಳಗೆ ಅಧಿಕಾರಿಗಳು, ಹೊರಗೆ ಬಿರುಸಿನ ವ್ಯಾಪಾರ. ಅಲ್ಲಿ ಸಿಕ್ಕ ರೇಷ್ಮೆ ಕೈಬದಲಾಗುತ್ತ ಸಖಾಲಿನ್ ದಾಟಿ ಜಪಾನ್ ತಲುಪುತ್ತಿತ್ತು. ಒಂದೇ ಉಡುಪು ಚಿಂಗ್ ಕಡತದಲ್ಲಿ ಅನುಗ್ರಹ, ಪಡೆದವರ ಕೈಯಲ್ಲಿ ಮಾರುವ ಸರಕು. ಕೆಳ ಅಮೂರ್‌ಗೆ ಗೆರೆಗೆರೆ ಬಣ್ಣವೇ ನ್ಯಾಯ.

ಗಡಿಕಲ್ಲು ಉತ್ತರ:

ಒಪ್ಪಂದಗಳ ವಿಷಯಕ್ಕೆ ಬರೋಣ. ನೆರ್ಚಿನ್ಸ್ಕ್‌ನಲ್ಲಿ ಗೆರೆ ಹೋದದ್ದು ಅರ್ಗುನ್ ನದಿ, ಗೋರ್ಬಿತ್ಸಾ ನದಿ, ಅಲ್ಲಿಂದ ಸಮುದ್ರದವರೆಗೆ ಪರ್ವತಸಾಲಿನ ಮೇಲೆ. ಊದಾ ನದಿಗೂ ಆ ಪರ್ವತಗಳಿಗೂ ನಡುವಿನ ನೆಲವನ್ನು ತೀರ್ಮಾನಿಸದೆ ಬಿಟ್ಟರು. ಅದಕ್ಕೆ ಯಾರ ಬಣ್ಣವೂ ಬೇಡ, ಖಾಲಿ ಬಿಡಿ. ಅಮೂರ್ ದಂಡೆಯಲ್ಲಿದ್ದ ರಷ್ಯದ ಅಲ್ಬಜಿನ್ ಕೋಟೆಯನ್ನು ಕೆಡವಬೇಕೆಂದೂ ಒಪ್ಪಿಗೆಯಾಯಿತು. ಹಿಂದೆಯೇ ಆ ಕಡೆ ಈ ಕಡೆ ಹೋದವರನ್ನು ಮರಳಿ ಕೇಳುವಂತಿಲ್ಲ ಎಂಬ ಕಲಮೂ ಇತ್ತು. ಚಿಕ್ಕದಾಗಿ ಕಾಣುವ ಈ ಕಲಮಿನ ಹಿಂದೆ ಗಾಂತಿಮೂರ್ ಇದ್ದಾನೆ. ಈ ತುಂಗುಸ್ ಮುಖ್ಯಸ್ಥ 1667ರಲ್ಲಿ ತನ್ನ ಜನರೊಂದಿಗೆ ರಷ್ಯದ ಕಡೆ ಹೋದ, ಚಿಂಗ್ ಆಸ್ಥಾನ ಅವನನ್ನು ಒಪ್ಪಿಸಿ ಎಂದು ವರ್ಷಗಟ್ಟಲೆ ಕೇಳಿತು.

ತಾರೀಖು ಬರೆಯುವಾಗ ಎಚ್ಚರ. ರಷ್ಯದ ಕಡತ ಜೂಲಿಯನ್ ಪಂಚಾಂಗದ್ದು. 17ನೇ ಶತಮಾನಕ್ಕೆ 10 ದಿನ, 18ಕ್ಕೆ 11, 19ಕ್ಕೆ 12 ದಿನ ಕೂಡಿಸಬೇಕು. ನೆರ್ಚಿನ್ಸ್ಕ್‌ನ ಆಗಸ್ಟ್ 27 ನಮ್ಮ ಲೆಕ್ಕದಲ್ಲಿ ಸೆಪ್ಟೆಂಬರ್ ಮೊದಲ ವಾರ. ಐಗುನ್ ಒಪ್ಪಂದ ಮೇ 16 ಎಂದು ಒಂದೆಡೆ, 28 ಎಂದು ಇನ್ನೊಂದೆಡೆ ಕಂಡರೆ ಎರಡೂ ಒಂದೇ ದಿನ. ಚಿಂಗ್ ವರ್ಷಗಳಲ್ಲಿ ಬೇರೆ ತೊಡಕಿದೆ. ಕಾಂಗ್‌ಶಿ 28, ಅಂದರೆ ಕಾಂಗ್‌ಶಿ ಚಕ್ರವರ್ತಿಯ ಆಳ್ವಿಕೆಯ 28ನೇ ವರ್ಷ ಎಂದರೆ 1689, ಆದರೆ ಅದರ ಕೊನೆಯ ತಿಂಗಳಿನ ಘಟನೆ 1690ರ ಆರಂಭಕ್ಕೆ ಬೀಳುತ್ತದೆ.

1858ರ ಐಗುನ್ ಒಪ್ಪಂದ ಎಡದಂಡೆಯನ್ನು ರಷ್ಯಕ್ಕೆ ಕೊಟ್ಟಿತು, ಉಸ್ಸೂರಿಯಿಂದ ಸಮುದ್ರದವರೆಗಿನ ನೆಲವನ್ನು ಜಂಟಿ ಎಂದಿತು. 1860ರ ಪೀಕಿಂಗ್ ಒಪ್ಪಂದ ಅದನ್ನೂ ರಷ್ಯಕ್ಕೆ ಸೇರಿಸಿತು. ಎರಡು ವರ್ಷದ ಈ ಜಂಟಿ ಅವಧಿಯನ್ನು ಹೆಚ್ಚಿನ ನಕ್ಷೆಗಳು ನುಂಗಿಹಾಕುತ್ತವೆ. ಇನ್ನೊಂದು ವಿಷಯ: ಐಗುನ್ ಪ್ರಕಾರ ಜೆಯಾ ನದಿಯ ಬಳಿ ಎಡದಂಡೆಯಲ್ಲಿದ್ದ ಮಂಚು ನಿವಾಸಿಗಳು ಅಲ್ಲೇ, ಚಿಂಗ್ ಅಧಿಕಾರದಡಿಯೇ ಉಳಿಯುವುದಾಗಿತ್ತು. ಮಂಚು, ದೌರ್, ಹಾನ್ (ಚೀನೀ) ಜನ ಬಾಳುತ್ತಿದ್ದ ಆ '64 ಹಳ್ಳಿ'ಗಳನ್ನು 1900ರಲ್ಲಿ ರಷ್ಯದ ಪಡೆಗಳು ಹತ್ಯೆ ನಡೆಸಿ ಖಾಲಿಮಾಡಿದವು. ಎಡದಂಡೆಯ ಈ ತುಣುಕಿಗೆ 1858ರಿಂದ 1900ರವರೆಗೆ ಬೇರೆಯೇ ಗುರುತು ಬೇಕು.

ನಕಾಶೆಪಟ್ಟಿ:

ಎಲ್ಲರಿಗೂ ಧನ್ಯವಾದ. ಐದು ಕಂಬಸಾಲು ಮಾಡಿದೆ. ಇನ್ನೊಂದೇ ಪ್ರಶ್ನೆ: 1750ರಲ್ಲಿ ಚಿಂಗ್ ಆಡಳಿತ 2,398 ಕಪ್ಪದ ಮನೆಗಳನ್ನು ಲೆಕ್ಕ ಹಾಕಿತ್ತಲ್ಲ, ಅದನ್ನು ಐದರಿಂದ ಗುಣಿಸಿ ಜನಸಂಖ್ಯೆ ಎಂದು ಹಾಕಬಹುದೇ?

ತುಪ್ಪಳಲೆಕ್ಕ ಉತ್ತರ:

ಬೇಡವೇ ಬೇಡ. ಅದು ಎಣಿಕೆಯಲ್ಲ, ಮಿತಿ. 2,250 ಅಮೂರ್ ಕಡೆಯ ಮನೆಗಳು, 148 ಸಖಾಲಿನ್‌ನವು ಎಂದು ಆ ವರ್ಷ ನಿಗದಿ ಮಾಡಿದರು. ಇನ್ನು ಮುಂದೆ ಇಷ್ಟೇ ಉಡುಪು ಕೊಡುತ್ತೇವೆ ಎಂಬುದು ಅದರ ಅರ್ಥ. ಮನೆ ಹೆಚ್ಚಿದರೂ ಸಂಖ್ಯೆ ಹೆಚ್ಚದು. ಅದರಲ್ಲಿ ತುಂಗುಸಿಕ್ ಅಲ್ಲದವರೂ ಇದ್ದಾರೆ.

ಇಂದಿನ ಜನಗಣತಿಗೂ ಇದೇ ಎಚ್ಚರಿಕೆ. ಚೀನಾದಲ್ಲಿ ಮಂಚುಗಳು 1982ರಲ್ಲಿ ಸುಮಾರು 43 ಲಕ್ಷ, 1990ರಲ್ಲಿ 98 ಲಕ್ಷ. ಎಂಟು ವರ್ಷದಲ್ಲಿ ಅಷ್ಟು ಮಕ್ಕಳು ಹುಟ್ಟಲಿಲ್ಲ, ಹಾನ್ ಎಂದು ಬರೆಸಿದ್ದವರು ಮಂಚು ಎಂದು ಬರೆಸಿದರು. ಹೆಜೆಗಳದು ನೋವಿನ ಲೆಕ್ಕ. ಜಪಾನ್ ಹಿಡಿತದ ಮಂಚುಕುವೊ ಕಾಲದಲ್ಲಿ (1932–45) ಅವರನ್ನು ನದಿಯಿಂದ ಎಬ್ಬಿಸಿ ಜೌಗುನೆಲಕ್ಕೆ ಸಾಗಿಸಿದರು. 1940ರ ದಶಕದ ಕೊನೆಗೆ ಉಳಿದವರು ಸುಮಾರು 300 ಜನ. 2010ರ ಗಣತಿಯಲ್ಲಿ 5,354.

ಹಳೆಗಡತ ಉತ್ತರ:

ಹೆಸರಿನ ಕೊನೆಯ ಗಂಟನ್ನೂ ಬಿಡಿಸಿಬಿಡುತ್ತೇನೆ. ಗೋಲ್ಡಿ, ನಾನಾಯ್, ಹೆಜೆ ಮೂರೂ ಬಹುಮಟ್ಟಿಗೆ ಒಂದೇ ಜನ: ಮೊದಲನೆಯದು ರಷ್ಯದ ಹಳೆಯ ಹೆಸರು, ಎರಡನೆಯದು ಸೋವಿಯತ್ ಕಾಲದಲ್ಲಿ ಅಧಿಕೃತವಾದದ್ದು, ಮೂರನೆಯದು ಚೀನಾದ್ದು. ನಾನಾಯ್ ಎಂದರೆ ಅವರದೇ ಭಾಷೆಯಲ್ಲಿ 'ನೆಲದ ಮನುಷ್ಯ'. ತುಂಗುಸ್ ಹೋಗಿ ಎವೆಂಕಿ ಆಯಿತು, ಲಮುತ್ ಹೋಗಿ ಎವೆನ್. ಆದರೆ ಚೀನಾದ 'ಎವೆಂಕಿ' ರಷ್ಯದ ಎವೆಂಕಿಗೆ ಸಮವಲ್ಲ. ಸೋಲೋನ್, ತುಂಗುಸ್, 'ಯಾಕುತ್' ಎಂದು ಕರೆಯಲಾಗುತ್ತಿದ್ದ ಮೂರು ಗುಂಪುಗಳನ್ನು 1950ರ ದಶಕದಲ್ಲಿ ಆ ಒಂದೇ ಹೆಸರಿನಡಿ ತಂದರು. ಎರಡೂ ದೇಶದ ಅಂಕಿಗಳನ್ನು ಒಂದೇ ಸಾಲಿನಲ್ಲಿ ಕೂಡಬೇಡಿ.

ಜಾಗವಿದ್ದರೆ ಆರನೆಯ ಕಂಬಸಾಲು ಕುಲಕ್ಕಿರಲಿ. ಬೆಲ್ಡಿ, ಸಮಾರ್, ಪಸ್ಸಾರ್, ಕಿಲೆ ಎಂಬ ಕುಲದ ಹೆಸರುಗಳು ಇಂದು ರಷ್ಯದ ನಾನಾಯ್‌ರ ಮನೆತನದ ಹೆಸರುಗಳಾಗಿವೆ. ಸಮಾರ್ ಕೆಳ ಅಮೂರ್‌ನ ಇನ್ನೊಂದು ತುಂಗುಸಿಕ್ ಗುಂಪಾದ ಉಲ್ಚ್ ಜನರಲ್ಲೂ ಸಿಗುತ್ತದೆ. ಜನದ ಹೆಸರು ಬದಲಾದಲ್ಲಿ ಹೊಸ ಸಾಲು ಹಾಕಿ. ಕುಲದ ಹೆಸರು ಮಾತ್ರ ಮೇಲಿಂದ ಕೆಳಗೆ ಒಂದೇ ಕಂಬಸಾಲಿನಲ್ಲಿ ಇಳಿದು ಬರಲಿ.