ಸಾಗುವಾನಿಗೆ ಈಗ ಗೆಲ್ಲು ಕಡಿಸಿದ್ರೆ ರೇಟ್ ಜಾಸ್ತಿ ಸಿಗ್ತದಾ?

ಪ್ರಶ್ನೆ: ನಮ್ದು ಕಾರ್ಕಳ ಹತ್ರ, ಗುಡ್ಡೆ ಬದಿಯಲ್ಲಿ ಅಪ್ಪ ನೆಟ್ಟ ಸಾಗುವಾನಿ 40 ಮರ ಉಂಟು, 22 ವರ್ಷ ಆಯ್ತು. ಮೊನ್ನೆ ಒಬ್ಬ ಬ್ರೋಕರ್ ಬಂದು ಒಂದು ರೌಂಡ್ ಹೊಡೆದು, ಟೇಪ್ ಸಹ ತೆಗಿಲಿಲ್ಲ, ಎಲ್ಲ ಸೇರಿ ಇಷ್ಟು ಅಂತ ಹೇಳಿ ಅಡ್ವಾನ್ಸ್ ಕೊಡ್ಲಿಕ್ಕೇ ಹೊರಟ. ನಾನು ಯೂಟ್ಯೂಬಲ್ಲಿ ನ್ಯೂಜಿಲೆಂಡಿನವರು ಪೈನ್ ಮರಕ್ಕೆ ಏಣಿ ಇಟ್ಟು ಗೆಲ್ಲು ಕಡಿಯುದು ನೋಡಿದೆ, ಅದ್ರಿಂದ ಒಳ್ಳೆ ರೇಟ್ ಬರ್ತದಂತೆ. ನಾವೂ ಈಗ ಕಡಿಸಿ ಎರಡು ವರ್ಷ ಬಿಟ್ಟು ಕೊಟ್ರೆ ಹೇಗೆ?

ಉತ್ತರ: ಬೇಡ ಮಾರಾಯ್ರೆ, ಕೂಲಿ ದಂಡ. ನಾನು ಮಿಲ್ಲಲ್ಲಿ ಮರ ಅಳೆಯುವವ, ದಿನಾ ನೋಡ್ತೇನೆ. ಅವರ ಪೈನ್ ಕಡಿಯುದು 25-30 ವರ್ಷಕ್ಕೆ, ಆದ್ರೆ ಗೆಲ್ಲು ತೆಗೆಯುದು ಮರ ಇನ್ನೂ ಸಪೂರ ಇರುವಾಗ, ಎರಡು ಮೂರು ಸಲ ಮಾಡಿ ಸುಮಾರು 6 ಮೀಟರ್ ಎತ್ತರದವರೆಗೆ. ಆಗ ಗೆಲ್ಲಿನ ಬುಡದ ಗಂಟು ಎಲ್ಲ ನಡುವಿನ ಸಣ್ಣ ಭಾಗದಲ್ಲೇ ಉಳಿತದೆ, ಅದ್ರ ಸುತ್ತ ಆಮೇಲೆ ಬೆಳೆಯುವ ಇಪ್ಪತ್ತು ವರ್ಷದ ಮರ ಪೂರಾ ಕ್ಲೀನ್. ನಿಮ್ಮ ಮರದ ಗಂಟು ಆಗ್ಲೇ ಒಳಗೆ ಕೂತಾಯ್ತು, ಈಗ ತೋಳು ದಪ್ಪದ ಗೆಲ್ಲು ಕಡಿದ್ರೆ ಗಾಯ ಮುಚ್ಚುವ ಮೊದ್ಲೇ ನಮ್ಮ ಮಳೆಗೆ ನೀರು ಇಳಿದು ಕೊಳೆಯುದು ಶುರುವಾಗ್ತದೆ.

ಪ್ರಶ್ನೆ: ಹಾಗಾದ್ರೆ ಬ್ರೋಕರ್ ಹೇಳಿದ್ದು ಸರಿ ಉಂಟಾ ಅಂತ ಗೊತ್ತಾಗುದು ಹೇಗೆ?

ಉತ್ತರ: ನೀವೇ ಅಳೆದು ನೋಡಿ. ದಿಮ್ಮಿಯ ನಡುವಿನ ಸುತ್ತಳತೆ ಇಂಚಲ್ಲಿ, ಅದನ್ನು ಅದರಿಂದಲೇ ಗುಣಿಸಿ, ಉದ್ದ ಅಡಿಯಲ್ಲಿ ಗುಣಿಸಿ, 2304ರಿಂದ ಭಾಗಿಸಿ, ಸಿಎಫ್‌ಟಿ ಅಂದ್ರೆ ಘನ ಅಡಿ ಸಿಗ್ತದೆ. ಉದಾಹರಣೆಗೆ 36 ಇಂಚು ಸುತ್ತು, 10 ಅಡಿ ಉದ್ದ ಇದ್ರೆ 5.6. ಅದೇ 40 ಇಂಚಿದ್ರೆ 6.9! ಬರೀ 4 ಇಂಚಿನ ವ್ಯತ್ಯಾಸಕ್ಕೆ ಇಷ್ಟು, ಹಾಗಾಗಿ ಟೇಪ್ ಹಿಡಿಯುವಾಗ ಪಕ್ಕದಲ್ಲೇ ನಿಲ್ಲಿ. ಈ ಲೆಕ್ಕದಲ್ಲಿ ನಿಜವಾದ ಗಾತ್ರದ ನೂರಕ್ಕೆ 78.5 ಭಾಗ ಮಾತ್ರ ಬರುದು, ಕೊಯ್ಯುವಾಗ ಹೋಗುವ ವೇಸ್ಟ್ ಅದ್ರಲ್ಲೇ ಕಳೆದ ಹಾಗೆ. ಅದ್ರ ಮೇಲೆ ಪುನಃ ವೇಸ್ಟ್ ಅಂತ ಕಳೆದ್ರೆ ಬಿಡ್ಬೇಡಿ. ಬುಡದಲ್ಲಿ ಅಳೆದ ಸುತ್ತನ್ನೇ ಇಡೀ ಮರಕ್ಕೆ ಹಾಕಿ ಜಾಸ್ತಿ ಲೆಕ್ಕ ಮಾಡಿ ಖುಷಿ ಪಡ್ಬೇಡಿ ಸಹ, ಮೇಲೆ ಹೋದ ಹಾಗೆ ಸಪೂರ ಆಗ್ತದಲ್ಲ. ರೇಟ್ ನಿಲ್ಲುದು ಚೇಗು, ಅಂದ್ರೆ ಒಳಗಿನ ಗಟ್ಟಿ ಮರ, ಎಷ್ಟುಂಟು, ನೇರ ಉಂಟಾ ಅನ್ನುದ್ರ ಮೇಲೆ, ಮುರಕಲ್ಲಿನ ಮೇಲೆ ಮಣ್ಣು ತೆಳು ಇರುವಲ್ಲಿ ಬೆಳೆದದ್ದು ಹೆಚ್ಚಾಗಿ ಕುಳ್ಳು, ಡೊಂಕು.

ಇನ್ನೊಬ್ರು: ನಮ್ದು ಬ್ರಹ್ಮಾವರ, ಸಾಗುವಾನಿ ಮೂರು ವರ್ಷದ್ದು, ನಮಗೂ ಗೆಲ್ಲು ಕಡಿಯುದು ಬೇಡ್ವಾ?

ಉತ್ತರ: ನಿಮಗೆ ಬೇಕು! ಮಳೆ ಪೂರ್ತಿ ಬಿಟ್ಟ ಮೇಲೆ, ಹೆಬ್ಬೆರಳು ದಪ್ಪ ಇರುವಾಗ್ಲೇ, ಕತ್ತಿ ಬೇಡ, ಗರಗಸದಲ್ಲಿ. ಗೆಲ್ಲಿನ ಬುಡದಲ್ಲಿ ಸಣ್ಣ ಉಬ್ಬು ಇರ್ತದೆ, ಅದನ್ನು ಬಿಟ್ಟು ಹೊರಗೆ ಕಡಿಯಿರಿ, ಮೊಟ್ಟು ಉಳಿಸ್ಬೇಡಿ. ಮರದ ಎತ್ತರದ ಮೇಲಿನ ಅರ್ಧಕ್ಕೆ ಕೈ ಹಾಕ್ಲೇಬೇಡಿ, ಸೊಪ್ಪಿಲ್ಲದೆ ಮರ ದಪ್ಪ ಆಗುದು ಎಲ್ಲಿಂದ. ಕಡಿದಲ್ಲಿ ಚಿಗುರು ಬರ್ತದೆ, ಎಳತ್ತಿರುವಾಗ ಕೈಯಲ್ಲೇ ಚಿವುಟಿ.

ಪ್ರಶ್ನೆ: ಇವತ್ತು ನಾನೂ ತಮ್ಮನೂ ಸೇರಿ 11 ಮರ ಅಳೆದೆವು. ಒಂದಕ್ಕೆ ತಟ್ಟಿದ್ರೆ ಡೊಳ್ಳಿನ ಹಾಗೆ ಕೇಳ್ತದೆ.

ಉತ್ತರ: ಅದು ಪೊಟರೆ ಇರ್ಬೇಕು, ಲೆಕ್ಕದಲ್ಲಿ ಬೇರೆ ಬರೆದಿಡಿ. ಮತ್ತೆ ಸಾಗುವಾನಿ ಕಡಿಯುವ ಮೊದ್ಲು ಅರಣ್ಯ ಇಲಾಖೆ ಪರ್ಮಿಷನ್ ಬೇಕು, ಸಾಗಿಸ್ಲಿಕ್ಕೆ ಪಾಸ್ ಬೇರೆ, ಆರ್‌ಟಿಸಿ ಹಿಡ್ಕೊಂಡು ರೇಂಜ್ ಆಫೀಸಿಗೆ ಹೋಗಿ. ಅಡ್ವಾನ್ಸ್ ಅದ್ರ ನಂತ್ರ ತಗೊಂಡ್ರೆ ಸಾಕು.