ಅಪ್ಪನ ಡಬಲ್ ಬ್ಯಾರಲ್ ನನ್ನ ಹೆಸರಿಗೆ ಆಗ್ಬೇಕು: ಲೈಸೆನ್ಸ್, ಟ್ರೇನಿಂಗ್ ಬಗ್ಗೆ ಗೊತ್ತಿದ್ದವರು ಹೇಳ್ರಿ

ಕೇಳಿದವರು: ಚಿಂಚೋಳಿ ತಾಲೂಕಿನ ರೈತ

ಎಲ್ಲಾರಿಗೂ ಶರಣ್ರಿ. ಅಪ್ಪ ತೀರ್ಕೊಂಡು ಎರಡು ತಿಂಗಳಾತು. ಅವರ ಹೆಸರಿಗೆ 12 ಬೋರಿನ ಹಳೇ ಡಬಲ್ ಬ್ಯಾರಲ್ ಬಂದೂಕು ಅದ, ಬೆಳಿ ರಕ್ಷಣಾಕ್ಕಂತ ಲೈಸೆನ್ಸ್ ಇತ್ತು. ಈಗ ಅದು ಮನ್ಯಾಗ ಅಲಮಾರಿ ಒಳಗೇ ಅದ. ತೊಗರಿ, ಜೋಳಕ್ಕ ಕಾಡಹಂದಿ ಕಾಟ ವಿಪರೀತ. ನಮ್ಮೂರಿಂದ ಕುಂಚಾವರಂ ಅಡವಿ ಐದಾರು ಕಿಲೋಮೀಟರ್. ಲೈಸೆನ್ಸ್ ನನ್ನ ಹೆಸರಿಗೆ ಮಾಡ್ಸೋದು ಹ್ಯಾಂಗ? ಟ್ರೇನಿಂಗ್ ಸರ್ಟಿಫಿಕೇಟ್ ಖರೇನ ಬೇಕಾ, ಇಲ್ಲಾ ಬರೇ ಕಾಗದದ ಕೆಲಸಾನಾ? ಊರಾಗ ಕೆಲವರು ‘ಮನೀ ಬಂದೂಕಿಗಿ ಎದಕ್ಕ ಇಷ್ಟೆಲ್ಲಾ’ ಅಂತಾರ.

ವಕೀಲರು, ಸೇಡಂ

ತಮ್ಮಾ, ಲೈಸೆನ್ಸ್ ಮಾತು ಆಮೇಲೆ. ಮೊದಲು ಆ ಬಂದೂಕು ಅಲಮಾರಿಯಿಂದ ಹೊರಗೆ ಹೋಗಬೇಕು. ಲೈಸೆನ್ಸ್ ಇದ್ದದ್ದು ನಿಮ್ಮ ಅಪ್ಪನಿಗೆ, ಮನೆಗಲ್ಲ. ಅವರು ತೀರಿಕೊಂಡ ಮೇಲೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಜಮಾ ಮಾಡಬೇಕು. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯಾದ ಮೇಲೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಅಪ್ಪನದೇ ಬಂದೂಕು ಅನ್ನುವುದು ಅಲ್ಲಿ ನಡೆಯುವ ವಾದವಲ್ಲ.

ಹಾಗಂತ ನೀವೇ ಬೈಕಿನ ಮೇಲೆ ಹೊತ್ತುಕೊಂಡು ಹೋಗಬೇಡಿ. ದಾರಿಯಲ್ಲಿ ತಡೆದರೆ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಠಾಣೆಗೆ ಮೊದಲು ಅರ್ಜಿ ಬರೆದುಕೊಡಿ. ಅಪ್ಪ ತೀರಿಕೊಂಡ ದಿನಾಂಕ, ಲೈಸೆನ್ಸ್ ನಂಬರು, ಬಂದೂಕಿನ ನಂಬರು, ಉಳಿದ ಕಾರ್ತೂಸ್ ಎಷ್ಟು, ಎಲ್ಲ ಬರೆದು ಸ್ವೀಕೃತಿ ಹಾಕಿಸಿಕೊಂಡು, ಸಿಬ್ಬಂದಿಯನ್ನೇ ಮನೆಗೆ ಕಳಿಸಲು ಕೇಳಿ. ಜಮಾ ರಸೀದಿಯಲ್ಲಿ ಬಂದೂಕಿನ ನಂಬರ್ ಜೊತೆಗೆ ಅದರ ಸ್ಥಿತಿಯನ್ನೂ ಬರೆಸಿ: ಕಟ್ಟಿಗೆ ಸೀಳಿಲ್ಲ, ನಳಿಗೆಗೆ ತುಕ್ಕಿಲ್ಲ ಅಂತ. ವರ್ಷದ ಮೇಲೆ ವಾಪಸ್ ತರುವಾಗ ಜಗಳ ಬರುವುದೇ ಇಲ್ಲಿ. ಡೀಲರ್ ಹತ್ತಿರ ಇಟ್ಟರೆ ಬಾಡಿಗೆ ಕೊಡಬೇಕು, ಆದರೆ ಎಣ್ಣೆ ಹಚ್ಚಿ ಇಡುತ್ತಾರೆ. ಎಲ್ಲೇ ಇಟ್ಟರೂ ಮರೆತು ಕೂರಬೇಡಿ, ಅವಧಿ ಮೀರಿದರೆ ಸರಕಾರಕ್ಕೆ ಮುಟ್ಟುಗೋಲಾಗುತ್ತದೆ.

ಇನ್ನು ಹೆಸರಿಗೆ ಮಾಡಿಸುವುದು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡಲು 25ನೇ ನಿಯಮವಿದೆ. ಅಂದಹಾಗೆ, ಇದನ್ನು ಓದುತ್ತಿರುವ ಹಿರಿಯರಿಗೆ ಒಂದು ಮಾತು. ಲೈಸೆನ್ಸುದಾರರಿಗೆ 70 ವರ್ಷವಾದರೆ, ಇಲ್ಲವೇ ಬಂದೂಕು 25 ವರ್ಷ ಅವರ ಬಳಿ ಇದ್ದರೆ, ಬದುಕಿರುವಾಗಲೇ ಮಗನಿಗೋ ಮಗಳಿಗೋ ದಾಟಿಸಲು ಅರ್ಜಿ ಹಾಕಬಹುದು. ಆಗ ಜಮಾ, ವಂಶಾವಳಿ ಈ ಗೋಳು ಇರುವುದಿಲ್ಲ.

ನಿಮಗೆ ಬೇಕಾಗುವುದು: ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶಾವಳಿ, ತಾಯಿ ಮತ್ತು ಅಣ್ಣತಮ್ಮ, ಅಕ್ಕತಂಗಿಯರ ಒಪ್ಪಿಗೆ ಅಫಿಡವಿಟ್ ಛಾಪಾ ಕಾಗದದ ಮೇಲೆ (ಒಬ್ಬರ ಸಹಿ ತಪ್ಪಿದರೂ ಫೈಲು ನಿಲ್ಲುತ್ತದೆ, ಮದುವೆಯಾಗಿ ಹೋದ ಅಕ್ಕನದೂ ಬೇಕು), ಎ-1 ನಮೂನೆಯ ಅರ್ಜಿ, ಆಧಾರ್, ಬಿಳಿ ಹಿನ್ನೆಲೆಯ ನಾಲ್ಕು ಫೋಟೊ, ಪಹಣಿ, ಎಸ್-3 ನಮೂನೆಯ ವೈದ್ಯಕೀಯ ಪ್ರಮಾಣಪತ್ರ, ತರಬೇತಿ ಪ್ರಮಾಣಪತ್ರ, ಬಂದೂಕನ್ನು ಭದ್ರವಾಗಿ ಇಡುವ ಬಗ್ಗೆ ಮುಚ್ಚಳಿಕೆ. ಎಸ್-3ರಲ್ಲಿ ಮಾನಸಿಕ ಆರೋಗ್ಯದ ಜೊತೆಗೆ ಕುಡಿತ, ಮಾದಕ ವಸ್ತುಗಳ ಚಟವಿಲ್ಲ ಅಂತ ವೈದ್ಯರು ಬರೆದಿರಬೇಕು. ಬರೀ ‘ಫಿಟ್’ ಅಂತ ಒಂದು ಸಾಲು ಬರೆದು ಸೀಲು ಹೊಡೆದದ್ದು ನಡೆಯುವುದಿಲ್ಲ. ಹಳ್ಳಿಯವರ ಅರ್ಜಿ ಡಿಸಿ ಕಚೇರಿಗೆ, ಕಲಬುರಗಿ ನಗರದವರದು ಪೊಲೀಸ್ ಕಮಿಷನರ್ ಕಚೇರಿಗೆ.

ಠಾಣೆಯವರು 30 ದಿನದೊಳಗೆ ವರದಿ ಕೊಡಬೇಕು, ವರದಿ ಬಂದ 60 ದಿನದೊಳಗೆ ಆದೇಶ ಆಗಬೇಕು. ನಿರಾಕರಿಸಿದರೆ ಕಾರಣ ಬರೆದು ಇಡಬೇಕು. ‘ಇವನಿಗೆ ಸಾಕಷ್ಟು ಆಸ್ತಿಯಿಲ್ಲ’ ಅನ್ನುವುದೊಂದೇ ಕಾರಣವಾಗಕೂಡದು ಅಂತ ಕಾಯ್ದೆಯೇ ಹೇಳುತ್ತದೆ. ಡಿಸಿ ಆದೇಶದ ಮೇಲೆ 30 ದಿನದಲ್ಲಿ ಪ್ರಾದೇಶಿಕ ಆಯುಕ್ತರಿಗೆ ಮೇಲ್ಮನವಿ ಹಾಕಬಹುದು.

ಅರಣ್ಯ ಇಲಾಖೆಯಲ್ಲಿ ಇದ್ದವರು, ಬೀದರ್

ವಕೀಲ್ ಸಾಹೇಬರು ಹೇಳಿದ್ದಕ್ಕೆ ಒಂದು ಸೇರಿಸಬೇಕು, ಚಿಂಚೋಳಿಯವರ ಅರ್ಜಿ ನಿಲ್ಲುವುದೇ ಅಲ್ಲಿ. ಕುಂಚಾವರಂ ಅಡವಿ 2011ರಿಂದ ಚಿಂಚೋಳಿ ವನ್ಯಜೀವಿ ಧಾಮ. ಧಾಮದಿಂದ 10 ಕಿಲೋಮೀಟರ್ ಒಳಗೆ ಹೊಸ ಬಂದೂಕು ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. 1972ರ ವನ್ಯಜೀವಿ ಕಾಯ್ದೆಯ 34ನೇ ಕಲಂ ನೋಡಿ. ಈಗಾಗಲೇ ಲೈಸೆನ್ಸ್ ಇದ್ದವರೂ ಇಲಾಖೆಯಲ್ಲಿ ಹೆಸರು ನೋಂದಾಯಿಸಿರಬೇಕು. ಅಪ್ಪನ ಹೆಸರು ನೋಂದಣಿಯಾಗಿತ್ತೇ ಅಂತ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ಆಗಿದ್ದರೆ ಅದರ ನಕಲು ಅರ್ಜಿಗೆ ಲಗತ್ತಿಸಿ, ಕೆಲಸ ಹಗುರಾಗುತ್ತದೆ.

ಇನ್ನೊಂದು ತಿಳಿದಿರಲಿ. ಬೆಳೆ ರಕ್ಷಣೆಯ ಲೈಸೆನ್ಸ್ ಅಂದರೆ ಬಂದೂಕು ಇಟ್ಟುಕೊಳ್ಳುವ ಪರವಾನಗಿ, ಪ್ರಾಣಿ ಹೊಡೆಯುವ ಪರವಾನಗಿ ಅಲ್ಲ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ಕಾಡಹಂದಿ 2ನೇ ಅನುಸೂಚಿಯಲ್ಲಿದೆ, ಅಂದರೆ ರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿ. ನಿಂತ ಬೆಳೆ ಹಾಳು ಮಾಡುತ್ತಿದ್ದರೆ ಹೊಡೆಯಲು ಅಧಿಕಾರಿ ಲಿಖಿತ ಅನುಮತಿ ಕೊಡಬಹುದು, 11ನೇ ಕಲಂ. ಆದರೆ ನಮ್ಮ ಬೀದರ್ ಕಡೆ ಹಿಂಡು ಹಿಂಡಾಗಿ ಬರುವ ಕೃಷ್ಣಮೃಗ ಮತ್ತು ನವಿಲು 1ನೇ ಅನುಸೂಚಿಯವು. ಬೆಳೆ ತಿಂದವು ಅನ್ನುವ ಕಾರಣಕ್ಕೆ ಅವನ್ನು ಹೊಡೆಯಲು ಅನುಮತಿ ಕೊಡುವ ಅವಕಾಶವೇ ಕಾನೂನಿನಲ್ಲಿಲ್ಲ. ಹಂದಿ ಮೈಮೇಲೆ ಬಿದ್ದು ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಲ್ಲ, ಆದರೆ ಸತ್ತ ಹಂದಿ ಸರಕಾರದ ಆಸ್ತಿ. ಊರವರು ಪಾಲು ಹಾಕಿಕೊಂಡರೋ, ಕೇಸು ಅಲ್ಲಿಂದ ಶುರು.

ಆರ್ಮರರ್ ಆಗಿದ್ದು ನಿವೃತ್ತರಾದವರು, ಕಲಬುರಗಿ

ಆರ್ಮರರ್ ಅಂದ್ರ ಬಂದೂಕು ರಿಪೇರಿ, ಆರೈಕಿ ಮಾಡಾವ. ಟ್ರೇನಿಂಗ್ ಬಗ್ಗೆ ಕೇಳೀರಿ. ಖರೇನ ಬೇಕು. ಅದೇ 2016ರ ಶಸ್ತ್ರಾಸ್ತ್ರ ನಿಯಮಗಳ 10ನೇ ನಿಯಮದಾಗ ನಾಲ್ಕು ವಿಷಯ ಹೇಳ್ಯಾರ: ಸುರಕ್ಷಿತವಾಗಿ ಹಿಡಿಯೋದು ಒಯ್ಯೋದು, ಗುಂಡು ಹಾರಿಸೋದು, ಬಂದೂಕು ಕಾರ್ತೂಸಿನ ಆರೈಕಿ, ಇಡೋದು ಸಾಗಿಸೋದು. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ಮಾಡ್ತಾರ, ಎಸ್‌ಪಿ ಆಫೀಸಿನಾಗ ವಿಚಾರಿಸ್ರಿ. ಆದ್ರ ಶಿಬಿರದಾಗ ಕೈಗಿ ಸಿಗೋದು ಹೆಚ್ಚಾಗಿ ಇಲಾಖಿ ರೈಫಲ್. ನಿಮ್ಮ ಮನ್ಯಾಗಿರೋದು 12 ಬೋರ್, ಅದರ ತಪ್ಪುಗಳೇ ಬ್ಯಾರೆ. ಹಂಗಾಗಿ ಸರ್ಟಿಫಿಕೇಟ್ ಸಿಕ್ತು ಅಂತ ಬರಬ್ಯಾಡ್ರಿ, ಡಬಲ್ ಬ್ಯಾರಲ್ ತೋರ್ಸ್ರಿ ಅಂತ ಉಸ್ತಾದರಿಗೆ ಕೇಳ್ರಿ.

ಹಳೇ ಡಬಲ್ ಬ್ಯಾರಲ್‌ದಾಗ ಮೊದಲು ನೋಡಬೇಕಾದ್ದು ಚೇಂಬರ್, ಅಂದ್ರ ನಳಿಗ್ಯಾಗ ಕಾರ್ತೂಸ್ ಕುಂದ್ರೋ ಜಾಗದ ಅಳತಿ. ನಳಿಗಿ ಬಗ್ಗಿಸಿ ತೆರೆದ್ರ ಕೆಳಗಿನ ಸಪಾಟ ಭಾಗದ ಮ್ಯಾಲ 65 ಅಂತನೋ 70 ಅಂತನೋ, ಇಲ್ಲಾ ಎರಡೂವರಿ ಇಂಚು, ಎರಡೂಮುಕ್ಕಾಲು ಇಂಚು ಅಂತನೋ ಕೆತ್ತಿರ್ತದ. 65 ಮಿ.ಮೀ. ಚೇಂಬರಿನಾಗ 70ರ ಕಾರ್ತೂಸ್ ಕುಂದರ್ತದ, ತಕರಾರೇ ಮಾಡಂಗಿಲ್ಲ. ಹಾರಿಸಿದಾಗ ಅದರ ಬಾಯಿ ಬಿಚ್ಚಿಕೊಳ್ಳಾಕ ಜಾಗ ಸಾಲಂಗಿಲ್ಲ, ಒತ್ತಡ ಏರ್ತದ. ಕೀಲು ಸಡಿಲಾಗೋದು, ನಳಿಗಿ ಸೀಳೋದು ಹಿಂಗೇ. ಅಳತಿ ಕಾಣ್ಲಿಲ್ಲಂದ್ರ ಡೀಲರ್ ಕಡೆ ಗೇಜ್ ಹಾಕಿ ನೋಡಿಸ್ರಿ. ಅಪ್ಪ ಬಿಟ್ಟುಹೋದ ಹಳೇ ಕಾರ್ತೂಸ್ ನಂಬಬ್ಯಾಡ್ರಿ. ಹಿತ್ತಾಳಿಗಿ ಹಸಿರು ಬಂದಿದ್ರ, ಕಾಗದದ ಕೊಳವಿ ಉಬ್ಬಿದ್ರ ಅವು ಮುಗಿದ್ವು.

20 ಬೋರಿನ ಕಾರ್ತೂಸ್ ಜತಿಗಿ ಇಡಲೇಬ್ಯಾಡ್ರಿ. ಬೋರಿನ ನಂಬರ್ ಹೆಚ್ಚಿದ್ದಷ್ಟು ಕಾರ್ತೂಸ್ ಸಣ್ಣದು. 12ರ ನಳಿಗ್ಯಾಗ 20 ಹಾಕಿದ್ರ ಅದು ಒಳಗ ಜಾರಿ ಮುಂದ ಸಿಕ್ಕೊಂತದ, ಹಿಂದಿನಿಂದ ನೋಡಿದ್ರ ಖಾಲಿ ಕಾಣ್ತದ. ಅದರ ಹಿಂದ ಮತ್ತೊಂದು 12 ಹಾಕಿ ಹಾರಿಸಿದ್ರಿ ಅಂದ್ರ ನಳಿಗಿ ಸ್ಫೋಟ, ಎಡಗೈ ಬೆರಳು ಹೋಗ್ತಾವ. ನಮ್ಮ ಎರಿ ಮಣ್ಣೂ ಅಷ್ಟೇ ಅಪಾಯ. ಹೊಲದಾಗ ನಳಿಗಿ ತುದಿ ನೆಲಕ್ಕ ತಾಗಿತು, ಒಂದು ಹಿಡಿ ಹಸಿ ಮಣ್ಣು ಹೊಕ್ಕಿತು ಅಂದ್ರ ಸಾಕು. ಬಿದ್ದ ಮ್ಯಾಲ, ಕಾಲುವಿ ಜಿಗಿದ ಮ್ಯಾಲ ಬಂದೂಕು ತೆರೆದು, ಕಾರ್ತೂಸ್ ತೆಗೆದು, ಹಿಂದಿನಿಂದ ಬೆಳಕಿಗಿ ಹಿಡಿದು ನೋಡ್ರಿ. ಚಂದ್ರನಂಗ ದುಂಡು ಬೆಳಕು ಕಾಣಬೇಕು.

ಬಂದೂಕಿನ ಕುದುರಿ ಬಿತ್ತು, ಗುಂಡು ಹಾರಲಿಲ್ಲ ಅಂದ್ರ ತಕ್ಷಣ ತೆರೀಬ್ಯಾಡ್ರಿ. ನಳಿಗಿ ಖಾಲಿ ದಿಕ್ಕಿಗೇ ಇಟ್ಟು ಕನಿಷ್ಠ 30 ಸೆಕೆಂಡ್ ಕಾಯ್ರಿ, ಆಮ್ಯಾಲ ಮೈ ಒಂದು ಕಡಿ ಸರಿಸಿ ತೆರೀರಿ. ಒದ್ದಿಯಾದ ಕಾರ್ತೂಸ್ ತಡವಾಗಿ ಹಾರೋದುಂಟು.

ಎಲ್ಲಕ್ಕಿಂತ ಹೆಚ್ಚು ಮಂದಿ ತಪ್ಪೋದು ದೂರದ ಲೆಕ್ಕದಾಗ. ಎಸ್‌ಜಿ ಕಾರ್ತೂಸಿನಾಗ ಸುಮಾರು 8.4 ಮಿ.ಮೀ. ದಪ್ಪದ ಎಂಟೊಂಬತ್ತು ಗುಂಡು ಇರ್ತಾವ. 35–40 ಮೀಟರ್ ದಾಟಿದ್ರ ಚೆದರಿ ಹಂದಿಗಿ ಒಂದೋ ಎರಡೋ ತಾಗ್ತಾವ. ಸಾಯಂಗಿಲ್ಲ, ಗಾಯ ಆದ ಹಂದಿ ತಿರುಗಿ ಬರ್ತದ. ತಾಗದೇ ಇದ್ದ ಗುಂಡು ಮಾತ್ರ ಮ್ಯಾಲಮುಖ ಹಾರಿದ್ರ 600 ಮೀಟರ್ ಆಚಿಗೂ ಹೋಗಿ ಬೀಳ್ತಾವ. ನಮ್ಮದು ಬಯಲು ನೆಲ, ಗುಡ್ಡ ಅಡ್ಡ ಇಲ್ಲ. ಕಾರ್ತಿಕದಾಗ ತೊಗರಿ ಆಳೆತ್ತರ ನಿಂತಿರ್ತದ, ಅದರೊಳಗ ಪಕ್ಕದ ಹೊಲದವ ಹೊದ್ದು ಮಲಗಿರ್ತಾನ. ಸಪ್ಪಳ ಬಂದ ದಿಕ್ಕಿಗಿ ಹಾರಿಸೋರಿಗಿ ಯಾವ ಲೈಸೆನ್ಸೂ ಕೊಡಬಾರ್ದು ಅನ್ನಾದು ನನ್ನ ಅಭಿಪ್ರಾಯ. ಅಷ್ಟೇ ಅಲ್ಲ, ಐದು ವರ್ಷಕ್ಕೊಮ್ಮಿ ನವೀಕರಣ ಮಾಡ್ವಾಗೂ ಬಂದೂಕು ತೆರೆದು, ತುಂಬಿ, ಐದು ಸುತ್ತು ಹಾರಿಸಿ ತೋರ್ಸು ಅಂತ ನಿಯಮ ತರ್ಬೇಕು.

ರೈತರು, ಶಹಾಪುರ

ಉಸ್ತಾದ್ರೇ, ಮಾತು ಖರೆ, ಆದ್ರ ಟ್ರೇನಿಂಗ್ ಎಲ್ಲಾ ಜಿಲ್ಲಾ ಕೇಂದ್ರದಾಗೇ ಇಟ್ರ ಹಳ್ಳಿಯವ ಕೂಲಿ ಬಿಟ್ಟು ಎಷ್ಟು ಸಲ ಓಡಾಡ್ಬೇಕು? ನಿಯಮ ಬಿಗಿ ಮಾಡಿದಷ್ಟು ರೊಕ್ಕ ಇದ್ದವನೇ ಬಂದೂಕು ಇಡ್ತಾನ, ಬಡವ ನಾಡಬಾಂಬಿಗಿ ಕೈ ಹಾಕ್ತಾನ. ಅದು ಇನ್ನೂ ಕೆಟ್ಟದ್ದು, ದನ ಬಾಯಿ ಹಾಕಿ ದವಡಿ ಕಳ್ಕೊಂತಾವ. ಟ್ರೇನಿಂಗ್ ಬೇಕು, ಅದರಾಗ ಎರಡು ಮಾತಿಲ್ಲ. ತಾಲೂಕಿಗೊಂದು ಶಿಬಿರ, ಅದೂ ರಾಶಿ ಮುಗಿದ ಮ್ಯಾಲ ಮಾಡ್ಲಿ ಅಂತೀನಿ.

ಕಾನೂನಿನಾಗ ಬೆಳಿ ರಕ್ಷಣಾಕ್ಕ ಮೊದಲು ಹೇಳಿರೋದು ಬಾಯಿಂದ ಮದ್ದು ತುಂಬೋ ಬಂದೂಕು. ಅದು ಸಾಲಂಗಿಲ್ಲ ಅಂತ ಅಧಿಕಾರಿಗಿ ಮನವರಿಕಿ ಆದ್ರಷ್ಟೇ 20 ಇಂಚಿಗಿ ಕಡಿಮಿ ಇಲ್ಲದ ನಳಿಗಿಯ ಬ್ಯಾರೆ ಬಂದೂಕು. ನಿಮ್ಮದು ಡಬಲ್ ಬ್ಯಾರಲ್, ಅದಕ್ಕ ಅರ್ಜಿಯಾಗ ಎಷ್ಟು ಎಕರೆ, ಯಾವ ಬೆಳಿ, ಅಡವಿ ಎಷ್ಟು ದೂರ, ಹಿಂದಿನ ವರ್ಷ ಎಷ್ಟು ಹಾಳಾತು ಅಂತ ಪಹಣಿ, ಫೋಟೊ ಸಮೇತ ಬರೀರಿ. ‘ಹಂದಿ ಕಾಟ ಇದೆ’ ಅಂತ ಒಂದೇ ಸಾಲು ಬರೆದ್ರ ಸಾಲಂಗಿಲ್ಲ.

ಮಾಜಿ ಸೈನಿಕ, ಬ್ಯಾಂಕ್ ಗಾರ್ಡ್, ಹುಮನಾಬಾದ್

ಒಯ್ಯುವ ವಿಚಾರ ಯಾರೂ ಹೇಳಲಿಲ್ಲ. ಲೈಸೆನ್ಸ್ ಕೈಗೆ ಬಂದರೂ ಹೆಗಲಿಗೆ ಹಾಕಿಕೊಂಡು ಸಂತೆಯಲ್ಲಿ ತಿರುಗುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಉದ್ದನೆಯ ಬಂದೂಕು ಪೂರ್ತಿ ಕವರಿನೊಳಗೆ ಇರಬೇಕು, ಪಿಸ್ತೂಲಾದರೆ ಮೈಗೆ ಕಟ್ಟಿದ ಹೋಲ್ಸ್ಟರಿನಲ್ಲಿ. ಮದುವೆ, ಮೆರವಣಿಗೆಯಲ್ಲಿ ಖುಷಿಗೆ ಅಂತ ಹಾರಿಸಿದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಲೈಸೆನ್ಸ್ ಬುಕ್ಕಿನಲ್ಲಿ ಯಾವ ಪ್ರದೇಶಕ್ಕೆ ಅಂತ ಬರೆದಿರುತ್ತದೆ, ಓದಿಕೊಳ್ಳಿ. ಕರ್ನಾಟಕಕ್ಕೆ ಮಾತ್ರ ಅಂತ ಇದ್ದರೆ ರಿಪೇರಿಗೆ ಅಂತ ತೆಲಂಗಾಣದ ತಾಂಡೂರಿಗೋ ಜಹೀರಾಬಾದಿಗೋ ಒಯ್ದ ಕೂಡಲೇ ನೀವು ಲೈಸೆನ್ಸ್ ಇಲ್ಲದವರ ಲೆಕ್ಕ. ಚಿಂಚೋಳಿಯವರಿಗೆ ಗಡಿ ಹೊಲದ ಬದುವಿನಷ್ಟು ಹತ್ತಿರ, ಅದಕ್ಕೇ ಹೇಳಿದೆ.

ತಮ್ಮನ ಕೈಗೆ, ಆಳಿನ ಕೈಗೆ ಕೊಟ್ಟು ರಾತ್ರಿ ಕಾವಲಿಗೆ ಕಳಿಸುವುದೂ ಇಲ್ಲ. ಲೈಸೆನ್ಸ್ ಇಲ್ಲದವರು ನಿಮ್ಮ ಎದುರಿನಲ್ಲಿ, ಇಲ್ಲವೇ ನಿಮ್ಮ ಲಿಖಿತ ಅಧಿಕಾರದೊಂದಿಗೆ ರಿಪೇರಿಗೋ ನವೀಕರಣಕ್ಕೋ ನಿಮ್ಮ ಬಳಕೆಗೋ ಹೊತ್ತು ತರಬಹುದು, ಅವರೇ ಹಾರಿಸುವಂತಿಲ್ಲ. ಚುನಾವಣೆ ಘೋಷಣೆಯಾದಾಗ ಜಮಾ ಮಾಡಲು ಠಾಣೆಯಿಂದ ಹೇಳಿಕೆ ಬರುತ್ತದೆ. ರಸೀದಿ ಇಲ್ಲದೆ ಬಿಟ್ಟು ಬರಬೇಡಿ. ನವೀಕರಣಕ್ಕೆ ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ಅರ್ಜಿ ಹಾಕಿ.

ಕೇಳಿದವರು

ಭಾಳ ಉಪಕಾರ ಆತ್ರಿ ಎಲ್ಲಾರಿಂದ. ನಾಳಿಗೇ ಠಾಣೆಗಿ ಅರ್ಜಿ ಕೊಡ್ತೀನಿ. ಲೈಸೆನ್ಸ್ ಬರೋತನ ಏರ್‌ಗನ್ ತಗೋಬಹುದಾ? ಇಲ್ಲಾ ತಂತಿ ಬೇಲಿ ಹಾಕ್ಲಾ?

ಆರ್ಮರರ್ ಆಗಿದ್ದು ನಿವೃತ್ತರಾದವರು, ಕಲಬುರಗಿ

4.5 ಮಿ.ಮೀ. ಒಳಗಿನ, 20 ಜೂಲ್ ದಾಟದ ಏರ್‌ಗನ್ನಿಗಿ ಲೈಸೆನ್ಸ್ ಬ್ಯಾಡ. ಆದ್ರ ಅದು ಹಂದಿ ತೊಗಲಿಗಿ ಸೊಳ್ಳಿ ಕಡಿದಂಗ, ರೊಕ್ಕ ದಂಡ.

ಅರಣ್ಯ ಇಲಾಖೆಯಲ್ಲಿ ಇದ್ದವರು, ಬೀದರ್

ಸೋಲಾರ್ ಬೇಲಿ ಹಾಕಿ. ಜೆಸ್ಕಾಂ ಲೈನಿನಿಂದ ನೇರ ಕರೆಂಟ್ ಮಾತ್ರ ಕೊಡಬೇಡಿ, ಅದರಲ್ಲಿ ಸಾಯುವುದು ಹೆಚ್ಚಾಗಿ ನೀರು ಬಿಡಲು ಬಂದ ಮನುಷ್ಯನೇ. ಹಂದಿಗೆ ಎತ್ತರದ ಬೇಲಿ ಬೇಕಿಲ್ಲ, ಕೆಳಗಿನ ತಂತಿಯೇ ಮುಖ್ಯ: ಮೊದಲನೆಯದು ನೆಲದಿಂದ 20–25 ಸೆಂ.ಮೀ., ಎರಡನೆಯದು 45ರ ಆಸುಪಾಸು. ಮಳೆಗಾಲದಲ್ಲಿ ಕಸ ಬೆಳೆದು ತಂತಿಗೆ ತಾಗಿದರೆ ಶಾಕು ನೆಲಕ್ಕೆ ಇಳಿದುಹೋಗುತ್ತದೆ, ಬುಡ ಸವರುತ್ತಿರಿ. ಬೇಸಿಗೆಯಲ್ಲಿ ಎರಿ ಮಣ್ಣು ಬಿರುಕು ಬಿಟ್ಟು ಅರ್ಥಿಂಗ್ ಸಳಿಯ ಹಿಡಿತ ತಪ್ಪುತ್ತದೆ. ಮಷಿನ್ ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ, ತಂತಿಯಲ್ಲಿ ಜೋರು ಇರುವುದಿಲ್ಲ. ಸಳಿ ನೆಲದೊಳಗೆ ಆಳಕ್ಕೆ ಹೊಡೆದು, ಬುಡಕ್ಕೆ ಇದ್ದಿಲು ಉಪ್ಪು ಹಾಕಿ, ವಾರಕ್ಕೊಮ್ಮೆ ಒಂದು ಕೊಡ ನೀರು ಸುರಿಯಿರಿ. ಬೆಳೆ ಹಾಳಾದರೆ ಅದೇ ದಿನ ಫೋಟೊ ತೆಗೆದು ವಲಯ ಕಚೇರಿಗೆ ಪರಿಹಾರದ ಅರ್ಜಿಯನ್ನೂ ಕೊಡಿ. ಅದರ ಸ್ವೀಕೃತಿ ನಕಲನ್ನು ಡಿಸಿ ಕಚೇರಿಯ ಬಂದೂಕಿನ ಫೈಲಿಗೂ ಸೇರಿಸಬಹುದು.