ಎಬ್ಬು ವೇಲ್‌ಗೆ ಇಯು (ಯೂರೋಪಿಯನ್ ಯೂನಿಯನ್) ದುಡ್ಡು ಇಷ್ಟೆಲ್ಲಾ ಬಂದ್ರೂ 62% ಜನ ಇಯು ಬೇಡ ಅಂದಿದ್ ಯಾಕೆ?

ಹೊಳೆದಂಡೆ

ಎಲ್ರಿಗೂ ನಮಸ್ಕಾರ. ಕಾರ್ಡಿಫ್‌ನಲ್ಲಿ ಪ್ಲಾನಿಂಗ್ ಮಾಸ್ಟರ್ಸ್ ಮಾಡ್ತಿದೀನಿ, ಡಿಸರ್ಟೇಶನ್‌ಗೆ ಸೌತ್ ವೇಲ್ಸ್ ವ್ಯಾಲೀಸ್ (ಹಳೇ ಕಲ್ಲಿದ್ದಲು, ಉಕ್ಕಿನ ಕಣಿವೆ ಊರುಗಳು) ತಗೊಂಡಿದೀನಿ. ವೆಸ್ಟ್ ವೇಲ್ಸ್ ಅಂಡ್ ದ ವ್ಯಾಲೀಸ್ ಭಾಗಕ್ಕೆ 2000ದಲ್ಲಿ ಆಬ್ಜೆಕ್ಟಿವ್ 1 ಅನ್ನೋ, ಹಿಂದುಳಿದ ಪ್ರದೇಶಗಳಿಗೆ ಇಯು ಕೊಡ್ತಿದ್ದ ಫಂಡಿಂಗ್ ಶುರುವಾಯ್ತು, ಯಾಕಂದ್ರೆ ತಲಾ ಜಿಡಿಪಿ ಇಯು ಸರಾಸರಿಯ 75%ಗಿಂತ ಕೆಳಗಿತ್ತು. ಆಮೇಲೆ 2007-13, 2014-20 ಎರಡೂ ಸುತ್ತಲ್ಲೂ ಹಿಂದುಳಿದ ಪ್ರದೇಶ ಅನ್ನೋ ಅದೇ ಹಣೆಪಟ್ಟಿ. ಎಬ್ಬು ವೇಲ್ ಸುತ್ತಮುತ್ತ ರೈಲಿಗೂ ಎ465 ರಸ್ತೆಗೂ ಆ ದುಡ್ಡು ಹೋಗಿದೆ, ಇಯು ದುಡ್ಡು ಅಂತ ತೋರ್ಸೋ ನೀಲಿ ಬೋರ್ಡು ಹಳದಿ ನಕ್ಷತ್ರ ಹಾಕಿದಾರೆ. ಆದ್ರೂ 2016ರ ಬ್ರೆಕ್ಸಿಟ್ ಜನಮತಗಣನೆಲಿ ಎಬ್ಬು ವೇಲ್ ಇರೋ ಬ್ಲೈನೈ ಗ್ವೆಂಟ್ ಕೌನ್ಸಿಲ್ ಏರಿಯಾದಲ್ಲಿ 62% ಲೀವ್ (ಇಯು ಬಿಡೋಣ), ಇಡೀ ವೇಲ್ಸ್‌ನಲ್ಲೇ ಜಾಸ್ತಿ ಅಲ್ಲೇ.

ಇದನ್ನ ಕೃತಜ್ಞತೆ ಇಲ್ಲದ ಜನ ಅಂತ ಒಂದೇ ಮಾತಲ್ಲಿ ಮುಗಿಸೋದು ನಂಗೆ ಒಪ್ಪಿಗೆ ಆಗ್ತಿಲ್ಲ. ಅಲ್ಲಿ ಹತ್ರದಿಂದ ನೋಡಿದವ್ರು ಯಾರಾದ್ರೂ ಇದ್ರೆ ಹೇಳಿ, ಆ ದುಡ್ಡು ನಿಜವಾಗ್ಲೂ ಏನ್ ಮಾಡ್ತು, ಏನ್ ಮಾಡ್ಲಿಲ್ಲ?

---

ನ್ಯೂಪೋರ್ಟ್ ಮೂರ್ತಿ

ತಂಗಿ, ಒಳ್ಳೆ ವಿಷಯ ಹಿಡ್ದಿದೀಯ. ಮೊದ್ಲು ಎಬ್ಬು ವೇಲ್ ಸ್ಟೀಲ್‌ವರ್ಕ್ಸ್ ಕಥೆ ತಿಳ್ಕೊ, ಅದಿಲ್ದೆ ಮುಂದಿಂದು ಅರ್ಥ ಆಗಲ್ಲ. ಒಂದು ಕಾಲಕ್ಕೆ ಸಾವಿರಾರು ಜನಕ್ಕೆ ಕೆಲ್ಸ ಕೊಟ್ಟಿದ್ ಜಾಗ ಅದು, 1978ರಲ್ಲಿ ಉಕ್ಕು ಮಾಡೋದು ನಿಂತೋಯ್ತು, ಆಮೇಲೆ ಬರೀ ಟಿನ್‌ಪ್ಲೇಟು, 2002ರಲ್ಲಿ ಕೋರಸ್ ಕಂಪನಿ ಪೂರ್ತಿ ಬಾಗ್ಲು ಹಾಕ್ತು. ಅಂದ್ರೆ ಆಬ್ಜೆಕ್ಟಿವ್ 1 ದುಡ್ಡು ಬರಕ್ಕೂ ಊರಿನ ದೊಡ್ಡ ಕೆಲ್ಸ ಹೋಗಕ್ಕೂ ಒಂದೇ ಟೈಮು. ಇಲ್ಲಿನ ಜನ ಆ ವರ್ಷಗಳನ್ನ ನೆನೆಸ್ಕೊಳೋದೇ ಕಾರ್ಖಾನೆ ಹೋದ ವರ್ಷ ಅಂತ, ಬೋರ್ಡು ಬಂದ ವರ್ಷ ಅಂತ ಯಾರೂ ನೆನೆಸ್ಕೊಳಲ್ಲ.

ರೈಲಿನ ವಿಷ್ಯ ಬಂದ್ರೆ ನಾನು ಅದ್ರ ಪರವಾಗೇ ಮಾತಾಡೋನು. 1962ರಲ್ಲಿ ಪ್ಯಾಸೆಂಜರ್ ಗಾಡಿ ನಿಲ್ಸಿದ್ರು, ಕಾರ್ಖಾನೆ ಗೂಡ್ಸ್ ಓಡ್ತಾ ಇದ್ದಿದ್ರಿಂದ ಹಳಿ ಉಳ್ಕೊಂಡಿತ್ತು, 2008ರ ಫೆಬ್ರವರಿಲಿ ಕಾರ್ಡಿಫ್‌ಗೆ ಮತ್ತೆ ಶುರು ಮಾಡಿದ್ರು, ಅಂದಾಜು ಮಾಡಿದ್ದಕ್ಕಿಂತ ಜಾಸ್ತಿ ಜನ ಹತ್ತಿದ್ರು. ಆದ್ರೆ ಹೆಚ್ಚಿನ ಕಡೆ ಸಿಂಗಲ್ ಲೈನು, ಗಂಟೆಗೊಂದೇ ಗಾಡಿ ಇತ್ತು. ಕಣಿವೆ ಬಾಯಲ್ಲೇ ಇರೋ ನಮ್ ನ್ಯೂಪೋರ್ಟ್‌ಗೆ ಎಬ್ಬು ವೇಲ್‌ನಿಂದ ನೇರ ಗಾಡಿ ಬಂದಿದ್ದು 2024ರಲ್ಲಿ! ಊರೊಳಗಿನ ಟೌನ್ ಸ್ಟೇಷನ್ನೇ 2015ರಲ್ಲಿ ಬಂದಿದ್ದು, ಅಲ್ಲೀವರೆಗೂ ಊರಾಚೆ ಪಾರ್ಕ್‌ವೇ ಸ್ಟೇಷನ್ನಲ್ಲಿ ಇಳ್ಕೊಂಡು ಮುಂದಿನ ದಾರಿ ನೋಡ್ಕೋಬೇಕಿತ್ತು. ಅರ್ಧ ಕಟ್ಟಿ, ಉಳಿದರ್ಧಕ್ಕೆ ಹದಿನಾರು ವರ್ಷ ಕಾಯ್ಸಿದ್ರೆ ಜನ ಬೇಜಾರಾಗಲ್ವಾ?

---

ಹಾಸನದ ಡಾಕ್ಟ್ರು

ನಾನು ವ್ಯಾಲೀಸ್‌ನಲ್ಲಿ ಜಿಪಿ, ಅಂದ್ರೆ ಫ್ಯಾಮಿಲಿ ಡಾಕ್ಟ್ರು. ಇಲ್ಲಿ ಹಳೇ ತಲೆಮಾರಿನ ಡಾಕ್ಟ್ರುಗಳಲ್ಲಿ ಇಂಡಿಯಾ ಕಡೆಯವ್ರು ತುಂಬಾ ಜನ, ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಕಟ್ಟಿದ ಅನೈರಿನ್ ಬೆವನ್ ಇದೇ ಟ್ರೆಡೀಗರ್‌ನಲ್ಲಿ ಹುಟ್ಟಿ ಎಬ್ಬು ವೇಲ್‌ಗೆ ಎಂಪಿ ಆಗಿದ್ದವ್ರು, ಹಾಗಾಗಿ ಈ ಊರಿನ ಮೇಲೆ ನಂಗೆ ಪ್ರೀತಿ ಇದೆ. ಪೇಶೆಂಟ್ಸ್ ಹೇಳೋದು ಇಷ್ಟೇ, "ರಸ್ತೆ ಚೆನ್ನಾಗಾಯ್ತು ಡಾಕ್ಟ್ರೇ, ಮಗ ಅದೇ ರಸ್ತೆ ಹಿಡ್ಕೊಂಡು ಬ್ರಿಸ್ಟಲ್‌ಗೆ ಹೋದ". ರಸ್ತೆ ತಪ್ಪಲ್ಲ ಇದ್ರಲ್ಲಿ, ರಸ್ತೆ ಈ ತುದೀಲಿ ಕೆಲ್ಸ ಇರ್ಬೇಕಿತ್ತು. ಕೆಲ್ಸ ತರ್ತೀವಿ ಅಂದೋರು ಬರ್ಲೇ ಇಲ್ಲ, ಸರ್ಕ್ಯೂಟ್ ಆಫ್ ವೇಲ್ಸ್ ಅಂತ ರೇಸ್ ಟ್ರ್ಯಾಕ್ ಬರುತ್ತೆ, ಸಾವಿರಾರು ಕೆಲ್ಸ ಸಿಗುತ್ತೆ ಅಂದ್ರು, 2017ರಲ್ಲಿ ವೇಲ್ಸ್ ಸರ್ಕಾರ ಗ್ಯಾರಂಟಿ ಕೊಡಲ್ಲ ಅಂತು, ಅಲ್ಲಿಗೆ ಮುಗೀತು.

ವಲಸಿಗರ ಮೇಲಿನ ಸಿಟ್ಟು ಅಂತ ಪೇಪರ್‌ನವ್ರು ಬರೆದ್ರು. ಹೊರಗಿಂದ ಬಂದವ್ರು ಇಲ್ಲಿ ತೀರಾ ಕಮ್ಮಿ. ಆ ಮಾತು ಇರ್ಲಿಲ್ಲ ಅಂತಲ್ಲ, ನಾನೂ ಕೇಳಿದೀನಿ, ಆದ್ರೆ ಅದೊಂದನ್ನೇ ಹಿಡ್ಕೊಂಡು ಬರೀಬೇಡಮ್ಮ.

---

ರೋಡ್ ರೋಲರ್ ಬೆಂಗ್ಳೂರು

ಸಿವಿಲ್ ಇಂಜಿನಿಯರ್ ನಾನು, ಎ465 ಬಗ್ಗೆ ಓದಿದೀನಿ. ಅಬರ್ಗವೆನಿಯಿಂದ ಹಿರ್ವೈನ್‌ವರೆಗೆ ಡ್ಯುಯಲ್ (ಹೋಗಕ್ಕೆ ಬರಕ್ಕೆ ಬೇರೆ ಬೇರೆ ರಸ್ತೆ) ಮಾಡೋ ಕೆಲ್ಸ 2002ರಲ್ಲಿ ಶುರುವಾಗಿ 2025ಕ್ಕೆ ಮುಗೀತು, ಒಟ್ಟು ಖರ್ಚು ಸುಮಾರು 2 ಬಿಲಿಯನ್ ಪೌಂಡ್. ಕ್ಲಿಡಾಕ್ ಕಮರಿ ಒಳಗಿನ ಭಾಗ 2018ಕ್ಕೆ ಮುಗೀಬೇಕಿತ್ತು, ಬಂಡೆ ಕಡಿದಾದ ಜಾಗ, ಕೆಳಗೆ ನದಿ, ಪಕ್ಕದಲ್ಲೇ ಗಾಡಿ ಓಡ್ತಾ ಇರ್ಬೇಕು, ಮೂರು ವರ್ಷ ಲೇಟಾಯ್ತು, ಖರ್ಚೂ ಏರ್ತು. ಕೊನೇ ಎರಡು ಭಾಗ ಖಾಸಗಿ ಕನ್ಸಾರ್ಟಿಯಂ ಸಾಲ ತಂದು ಕಟ್ಟಿದೆ, ವೇಲ್ಸ್ ಸರ್ಕಾರ 30 ವರ್ಷ ಕಂತು ಕಟ್ಬೇಕು. ನಮ್ ಹೆದ್ದಾರಿ ಪ್ರಾಧಿಕಾರ ಎನ್‌ಎಚ್‌ಎಐನ ಹ್ಯಾಮ್ (ಹೈಬ್ರಿಡ್ ಆನ್ಯುಟಿ) ಮಾಡೆಲ್ ಥರ, ಆದ್ರೆ ಹ್ಯಾಮ್‌ನಲ್ಲಿ ಕಟ್ಟೋವಾಗ್ಲೇ 40% ಸರ್ಕಾರ ಕೊಡುತ್ತೆ, ಇಲ್ಲಿ ಹಾಗಲ್ಲ. ಇಯು ಗ್ರಾಂಟ್ ಸಿಕ್ಕ ಭಾಗಕ್ಕೂ ಕಂತಿನ ಭಾಗಕ್ಕೂ ಊರೋರಿಗೆ ವ್ಯತ್ಯಾಸ ಗೊತ್ತಿರುತ್ತಾ?

---

ನ್ಯೂಪೋರ್ಟ್ ಮೂರ್ತಿ

ಗೊತ್ತಿರಲ್ಲ ಗುರು, ಅಲ್ಲೇ ಇರೋದು ಸಮಸ್ಯೆ. ಇಯು ಎಂದೂ ಪೂರ್ತಿ ದುಡ್ಡು ಕೊಡಲ್ಲ, ಉಳಿದ ಪಾಲು ಇಲ್ಲಿನ ಸರ್ಕಾರ ಹಾಕ್ಬೇಕು, ಮ್ಯಾಚ್ ಫಂಡಿಂಗ್ ಅಂತಾರೆ. ಆ ಪಾಲು ಲಂಡನ್ ಖಜಾನೆಯಿಂದ ತರಕ್ಕೆ ಆಗ್ಲಿಲ್ಲ ಅಂತಾನೇ 2000ದ ಫೆಬ್ರವರಿಲಿ ವೇಲ್ಸ್‌ನ ಫಸ್ಟ್ ಸೆಕ್ರೆಟರಿ (ಅಲ್ಲಿನ ಸರ್ಕಾರದ ಮುಖ್ಯಸ್ಥ) ಆಲನ್ ಮೈಕಲ್ ಅವಿಶ್ವಾಸಕ್ಕೆ ಮುಂಚೆನೇ ರಾಜೀನಾಮೆ ಕೊಡ್ಬೇಕಾಯ್ತು, ರೊಡ್ರಿ ಮಾರ್ಗನ್ ಬಂದ್ರು. ಒಂದೇ ಯೋಜನೆಗೆ ಬ್ರಸೆಲ್ಸ್, ಲಂಡನ್, ಕಾರ್ಡಿಫ್, ಕೌನ್ಸಿಲ್ ನಾಲ್ಕು ಕಡೆಯವ್ರು ಸೇರಿದ್ರೆ ಯಾರನ್ನ ಹೊಗಳ್ಬೇಕು, ಯಾರನ್ನ ಬೈಬೇಕು ಅಂತ ಊರಿನ ಮನುಷ್ಯಂಗೆ ಹೇಗ್ ಗೊತ್ತಾಗುತ್ತೆ? ಅವ್ನನ್ನ ಯಾರೂ ಕೇಳ್ಲೂ ಇಲ್ಲ. ಮೂರು ಸುತ್ತು ದುಡ್ಡು ಬಂದ್ಮೇಲೂ 75% ದಾಟ್ಲಿಲ್ಲ ಅನ್ನೋದೇ ಅವ್ನ ದೂರಿಗೆ ಸಾಕ್ಷಿ.

ಹಾಗಂತ ಬ್ರೆಕ್ಸಿಟ್ ಆದ್ಮೇಲೆ ಬಂದಿದ್ದು ಉತ್ತಮ ಅಂತಲ್ಲ. ಇಯು ದುಡ್ಡಿನ ಬದ್ಲಿಗೆ ಶೇರ್ಡ್ ಪ್ರಾಸ್ಪೆರಿಟಿ ಫಂಡ್ ಅಂತ 2022-25ಕ್ಕೆ ವೇಲ್ಸ್‌ಗೆ 585 ಮಿಲಿಯನ್ ಪೌಂಡ್ ಕೊಟ್ರು, ಲಂಡನ್‌ನಿಂದ ಸೀದಾ ಕೌನ್ಸಿಲ್‌ಗಳಿಗೆ, ಕಾರ್ಡಿಫ್‌ನಲ್ಲಿರೋ ವೇಲ್ಸ್ ಸರ್ಕಾರನ ಬದಿಗಿಟ್ಟು. ಏಳು ವರ್ಷದ ಪ್ಲ್ಯಾನ್ ಇದ್ದ ಜಾಗಕ್ಕೆ ಮೂರು ವರ್ಷದ ದುಡ್ಡು ಬಂದ್ರೆ ರೈಲ್ವೆ ಲೈನ್ ಹೇಗ್ ಕಟ್ತಾರೆ?

---

ಹೊಳೆದಂಡೆ

ಮೂರ್ತಿ ಅಣ್ಣ, ಡಾಕ್ಟ್ರೇ, ತುಂಬಾ ಥ್ಯಾಂಕ್ಸ್. ದುಡ್ಡು ಎಷ್ಟು ಬಂತು ಅನ್ನೋದ್ರ ಸುತ್ತಾನೇ ನನ್ ಚಾಪ್ಟರ್ ಓಡ್ತಾ ಇತ್ತು, ಈಗ ತೀರ್ಮಾನ ಯಾರು ಮಾಡಿದ್ರು, ಯಾವ್ ಭಾಗ ಅರ್ಧಕ್ಕೆ ನಿಂತಿತ್ತು ಅನ್ನೋದನ್ನ ಮುಂದೆ ತರ್ತೀನಿ. ರೈಲು ಶುರುವಾದಾಗ ನ್ಯೂಪೋರ್ಟ್‌ಗೆ ಯಾಕೆ ಬಿಡ್ಲಿಲ್ಲ ಅನ್ನೋದಕ್ಕೆ ಕೌನ್ಸಿಲ್ ಮೀಟಿಂಗ್ ಮಿನಿಟ್ಸ್ ಎಲ್ಲಿ ಸಿಗುತ್ತೆ, ಗೊತ್ತಿದ್ರೆ ಹೇಳಿ.

---

ನ್ಯೂಪೋರ್ಟ್ ಮೂರ್ತಿ

ಗ್ವೆಂಟ್ ಆರ್ಕೈವ್ಸ್ ಎಬ್ಬು ವೇಲ್‌ನಲ್ಲೇ ಇದೆ, ಹಳೇ ಸ್ಟೀಲ್‌ವರ್ಕ್ಸ್‌ನ ಜನರಲ್ ಆಫೀಸ್ ಬಿಲ್ಡಿಂಗು, ಟೌನ್ ಸ್ಟೇಷನ್ನಿಂದ ಹತ್ರ. ಹೋಗೋ ಮುಂಚೆ ಮೇಲ್ ಮಾಡು, ಏನ್ ಬೇಕು ಅಂತ ಮೊದ್ಲೇ ಹೇಳಿದ್ರೆ ಹುಡುಕಿ ಇಟ್ಟಿರ್ತಾರೆ.